ಸ್ಲೈಡಿನ ಮೇಲೆ ನೀಲಿ ಎಳೆ

ಕುಲ್ಸುಂಬೀ ಇದುವರೆಗೆ ಹೊಲಿದ ಜೀನ್ಸ್ ಪ್ಯಾಂಟುಗಳನ್ನು ಕಾಲಿಗೆ ಕಾಲು ಗಂಟು ಹಾಕುತ್ತ ಹೋದರೆ, ಅವು ಬಳ್ಳಾರಿಯಿಂದ ಹೊರಟು ದೆಹಲಿ ಮುಟ್ಟಿ, ಅಲ್ಲಿ ಯಾವ ಕಚೇರಿಯಲ್ಲೂ ಕೆಲಸವಾಗದೆ, ವಾಪಸು ಗುಂತಕಲ್ಲಿನವರೆಗೆ ಬರುತ್ತವೆ. ಬಳ್ಳಾರಿಯವರೆಗೇ ಬರಬೇಕಾಗಿತ್ತು. ಆದರೆ ನಡುವೆ ಎರಡು ಹೆರಿಗೆಗೆಂದು ಆಕೆ ಮಷೀನು ಬಿಟ್ಟು ಕೂತಿದ್ದರಿಂದ ಅಷ್ಟು ದೂರ ಕಡಿಮೆ ಬಿತ್ತು.

ಇಪ್ಪತ್ತೆರಡು ವರ್ಷದ ಈ ಹೊಲಿಗೆಯಿಂದ ಆಕೆಯ ಹತ್ತು ಬೆರಳೂ ನೀಲಿಯಾಗಿವೆ. ಮದುವೆಯ ಮೆಹಂದಿ ಹದಿನೈದು ದಿನಕ್ಕೆ ಅಳಿಸಿಹೋಯಿತು, ಜೀನ್ಸಿನ ಬಣ್ಣ ಮಾತ್ರ ಸೋಪಿಗೂ ಹುಣಸೆಹಣ್ಣಿಗೂ ಜಗ್ಗಲಿಲ್ಲ. ಆ ಕೈಯಿಂದ ಬಡಿದ ರೊಟ್ಟಿ ತಿಂದು ತಿಂದು ಗಂಡ ಮಹಮ್ಮದ್ ಗೌಸನ ರಕ್ತವೂ ನೀಲಿಯಾಗಿದೆಯೆಂದು ಕೌಲ್ ಬಜಾರಿನ ನಮ್ಮ ಓಣಿಯಲ್ಲಿ ಹೇಳುತ್ತಾರೆ. ಪರೀಕ್ಷಿಸಿ ನೋಡಿದವರು ಯಾರೂ ಇಲ್ಲ. ಗೌಸನದು ಬಸ್ ಸ್ಟ್ಯಾಂಡಿನ ಹತ್ತಿರ ಚಹಾದಂಗಡಿ, ಮತ್ತು ಗಾಯವಾಗುವಷ್ಟು ಜೋರಾಗಿ ಆತ ಯಾವ ಕೆಲಸವನ್ನೂ ಮಾಡುವುದಿಲ್ಲ.

ಕುಲ್ಸುಂಬೀ ಹುಟ್ಟಿದ್ದು ಸಿರುಗುಪ್ಪದಲ್ಲಿ. ಅಲ್ಲಿ ಎಂಟನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ, ಅಕ್ಕಿ ಮಿಲ್ಲಿನಲ್ಲಿ ಕೂಲಿ ಮಾಡುತ್ತಿದ್ದ ತಾಯಿ ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದುಕೊಂಡಳು. ಆ ಕಾಲು ಕೂಡುವಷ್ಟರಲ್ಲಿ ಇವಳ ಶಾಲೆ ತಪ್ಪಿಹೋಗಿತ್ತು. ಅದನ್ನು ಆಕೆ ಯಾರ ಮುಂದೆಯೂ ಹೇಳಿಕೊಂಡು ಅತ್ತವಳಲ್ಲ. ಆಕೆಗೆ ಅಳಲಿಕ್ಕೆ ಬರುತ್ತದೆಯೋ ಇಲ್ಲವೋ ಎಂಬುದೇ ನಮ್ಮ ಓಣಿಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಈಗ ಕಥೆಗೆ ಬರೋಣ. ಹೋದ ವರ್ಷದ ಮಳೆಗಾಲದಲ್ಲಿ ಜೀನ್ಸ್ ಫ್ಯಾಕ್ಟರಿಯ ಮ್ಯಾನೇಜರ್ ದೊಡ್ಡಬಸವರಾಜ, ಮೂರನೆಯ ಲೈನಿಗೆ ವಿರೂಪಾಕ್ಷಿ ಎಂಬ ಇಪ್ಪತ್ನಾಲ್ಕು ವರ್ಷದ ಹುಡುಗನನ್ನು ಸೂಪರ್‌ವೈಸರ್ ಮಾಡಿದ್ದೇನೆಂದು ಸಾರಿದ. ನಲವತ್ತು ಮಷೀನುಗಳ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ, ಕುಲ್ಸುಂಬಿಗೆ ಕೇಳಿಸಿತು. ಆಕೆ ತನ್ನ ಮಷೀನು ನಿಲ್ಲಿಸಿದಳು. ಒಬ್ಬಳು ನಿಲ್ಲಿಸಿದ್ದನ್ನು ನೋಡಿ ಪಕ್ಕದವಳು, ಅವಳನ್ನು ನೋಡಿ ಇನ್ನೊಬ್ಬಳು, ಹೀಗೆ ನಲವತ್ತೂ ನಿಂತವು. ಆ ಫ್ಯಾಕ್ಟರಿಯಲ್ಲಿ ಅಂಥ ಮೌನ ಕರೆಂಟು ಹೋದಾಗಲೂ ಇರುವುದಿಲ್ಲ.

"ಈ ವಿರೂಪಾಕ್ಷಿಗೆ ಸೂಜ್ಯಾಗ ದಾರ ಪೋಣಸಾಕ ಕಲಿಸಿದಾಕಿ ಯಾರು?" ಎಂದಳು.

"ನೀನ, ಕುಲ್ಸುಂಬಕ್ಕ," ಎಂದ ದೊಡ್ಡಬಸವರಾಜ. "ಯಾರು ಇಲ್ಲ ಅಂದ್ರು? ಆದ್ರ ಸೂಪರ್‌ವೈಸರ್ ಆಗಾಕ ಹತ್ತನೇ ಕ್ಲಾಸು ಪಾಸಿರಬೇಕು. ಕಂಪನಿ ರೂಲು."

"ಇವನಕಿಂತ ಮೊದಲು ಇಬ್ಬರಿಗೆ ಕಲಿಸೀನಿ. ಅವರೂ ಸೂಪರ್‌ವೈಸರ್ ಆಗಿ ನನಗ ಬೈಯಾಕ ಹತ್ಯಾರ. ನಾಲ್ಕನೇದಾತಗ ಕಲಸಂಗಿಲ್ಲ. ನಾಲ್ಕನೇ ಲೈನಿಗೆ ನಾನ ಬರತೀನಿ."

ಮ್ಯಾನೇಜರ್ ನಕ್ಕ. ನಾಲ್ಕನೆಯ ಲೈನು ಮುಂದಿನ ಮಳೆಗಾಲಕ್ಕೆ ಶುರುವಾಗುವುದಿತ್ತು. ಅಷ್ಟರೊಳಗೆ ಪಾಸಾದ ಕಾಗದ ತಂದರೆ ಆ ಲೈನು ನಿನ್ನದು, ತರದಿದ್ದರೆ ಮತ್ತೆಂದೂ ಈ ಮಾತು ಎತ್ತಬಾರದು ಎಂದು ಎಲ್ಲರ ಎದುರಿಗೇ ಹೇಳಿದ. ನಲವತ್ತು ಮಂದಿ ಸಾಕ್ಷಿ. ಕುಲ್ಸುಂಬೀ ತಲೆಯಾಡಿಸಿ, ಮಷೀನಿನ ಪೆಡಲು ಒತ್ತಿದಳು.

ವಯಸ್ಸಾದವರೂ ಬರೆಯಬಹುದಾದ ಮುಕ್ತ ಶಾಲೆಯ ಪರೀಕ್ಷೆಗೆ ಹೆಸರು ಕೊಟ್ಟಳು. ಅದರ ಭಾನುವಾರದ ಪಾಠ ನಡೆಯುತ್ತಿದ್ದುದು ಕುರುಗೋಡಿನ ಒಂದು ಶಾಲೆಯಲ್ಲಿ. ವಾರಕ್ಕೆ ಒಂದೇ ರಜೆ, ಅದನ್ನೂ ಬಸ್ಸಿಗೆ ಕೊಟ್ಟಳು. ಕನ್ನಡ, ಉರ್ದು, ಲೆಕ್ಕ, ಸಮಾಜ ಎಲ್ಲ ಆಕೆಗೆ ಹಳೆಯ ಬಟ್ಟೆಯ ಹಾಗೆ, ಎಲ್ಲಿ ಹಿಡಿದರೆ ಎಲ್ಲಿ ಹರಿಯುತ್ತದೆ ಎಂದು ಗೊತ್ತಾಯಿತು. ವಿಜ್ಞಾನವೊಂದೇ ಕೈಗೆ ಬರಲಿಲ್ಲ. ಅದರಲ್ಲೂ ಜೀವಕೋಶದ ಪಾಠ.

ವಿಜ್ಞಾನ ಹೇಳುತ್ತಿದ್ದವರು ಹಾಲಸಿದ್ದಪ್ಪನವರು, ಮೂವತ್ತೊಂದು ವರ್ಷ ಮೇಷ್ಟರಾಗಿ ನಿವೃತ್ತರಾದವರು. ಅಷ್ಟು ವರ್ಷದ ಸೀಮೆಸುಣ್ಣದ ಪುಡಿ ಅವರ ಶ್ವಾಸಕೋಶದಲ್ಲಿ ಎಷ್ಟು ತುಂಬಿತ್ತೆಂದರೆ, ಕರಿಹಲಗೆಯ ಮುಂದೆ ಜೋರಾಗಿ ಕೆಮ್ಮಿದರೆ ಅರ್ಧ ಚಿತ್ರ ತಾನೇ ಮೂಡುತ್ತಿತ್ತು. ಜೀವಕೋಶವೆಂದರೆ ಗೋಡೆಗೆ ಇಟ್ಟಿಗೆ ಇದ್ದ ಹಾಗೆ ಎಂದು ಅವರು ಶುರು ಮಾಡಿದರು. ತಾನು ಗೌಂಡಿಯಲ್ಲ, ಇಟ್ಟಿಗೆಯ ಮಾತು ಬೇಡ ಎಂದಳು ಕುಲ್ಸುಂಬೀ. ಹಾಗಾದರೆ ನಿಮ್ಮ ಫ್ಯಾಕ್ಟರಿಯಲ್ಲಿ ಏನೇನಿದೆ ಹೇಳಮ್ಮ ಎಂದರು ಅವರು. ಅಲ್ಲಿಂದ ಪಾಠದ ದಿಕ್ಕೇ ಬದಲಾಯಿತು.

ಕೋಶಪೊರೆ ಎಂದರೆ ಗೇಟಿನ ವಾಚ್‌ಮನ್ ಎಂದರು ಮೇಷ್ಟರು: ಒಳಗೆ ಯಾರು ಬರಬೇಕು, ಹೊರಗೆ ಯಾರು ಹೋಗಬೇಕು ಎಂದು ಆರಿಸಿ ಬಿಡುವವನು. ನಮ್ಮ ವಾಚ್‌ಮನ್ ಮಧ್ಯಾಹ್ನ ನಿದ್ದೆ ಮಾಡುತ್ತಾನೆ ಎಂದಳು ಆಕೆ. ಕೋಶಪೊರೆ ನಿದ್ದೆ ಮಾಡಿದರೆ ಕೋಶ ಸಾಯುತ್ತದೆ ಎಂದರು. ಗಿಡದ ಕೋಶಕ್ಕೆ ಈ ಪೊರೆಯ ಹೊರಗೆ ಇನ್ನೊಂದು ಗಟ್ಟಿ ಗೋಡೆ, ಅದೇ ಕೋಶಭಿತ್ತಿ, ಫ್ಯಾಕ್ಟರಿಯ ಕಾಂಪೌಂಡು. ಪ್ರಾಣಿಯ ಕೋಶಕ್ಕೆ ಕಾಂಪೌಂಡು ಇಲ್ಲ, ವಾಚ್‌ಮನ್ ಮಾತ್ರ. ಮೈಟೊಕಾಂಡ್ರಿಯ ಎಂದರೆ ಶಕ್ತಿ ಕೊಡುವ ಜನರೇಟರ್. ರಸದಾನಿ ಎಂದರೆ ಮಾಳಿಗೆ ಮೇಲಿನ ನೀರಿನ ಟ್ಯಾಂಕು, ಗಿಡದ ಕೋಶದಲ್ಲಿ ಅದು ಅರ್ಧ ಜಾಗ ನುಂಗಿ ಕೂತಿರುತ್ತದೆ. ಇವುಗಳ ಸುತ್ತ ತುಂಬಿಕೊಂಡಿರುವ ಗಂಜಿಯಂಥದು ಕೋಶದ್ರವ್ಯ.

ಕೋಶಕೇಂದ್ರಕ್ಕೆ ಬಂದಾಗ ಮೇಷ್ಟರು ಮ್ಯಾನೇಜರನ ಕೋಣೆ ಎಂದರು. ಕುಲ್ಸುಂಬೀ ಒಪ್ಪಲಿಲ್ಲ.

"ಮ್ಯಾನೇಜರ್ ಇಲ್ಲದಿದ್ರೂ ಪ್ಯಾಂಟು ಆಗತಾವ ಸರ. ಕಟಿಂಗ್ ಮಾಸ್ತರನ ಕ್ವಾಣಿ ಅನ್ರಿ. ಅಸಲು ಪ್ಯಾಟರ್ನ್ ರಟ್ಟಿಂದು ಅಲ್ಲೇ ಇರತೈತಿ. ಅದು ಹೊರಗ ಬರಂಗಿಲ್ಲ. ನಮ್ಮ ಕಡೆ ಬರೋದು ಅದರ ನಕಲು. ಅಸಲು ಹರಿದು ಹೋತಂದ್ರ ಕಂಪನಿ ಮುಚ್ಚಿದಂಗ."

ಹಾಲಸಿದ್ದಪ್ಪನವರ ಕೈಯಿಂದ ಸೀಮೆಸುಣ್ಣದ ತುಂಡು ಬಿತ್ತು. ಡಿಎನ್ಎ ಕೋಶಕೇಂದ್ರದಲ್ಲೇ ಉಳಿದು ಅದರ ನಕಲು ಹೊರಬಂದು ಕೆಲಸ ಮಾಡಿಸುತ್ತದೆ ಎಂಬ ಇಷ್ಟನ್ನು ಮಕ್ಕಳ ತಲೆಗೆ ಇಳಿಸಲು ಅವರು ಮೂವತ್ತೊಂದು ವರ್ಷ ಹೆಣಗಿದ್ದರು.

ಜಗಳವಾದದ್ದು ಚಿತ್ರದ ವಿಷಯಕ್ಕೆ. ಹೊಲಿಗೆಯವರ ರೂಢಿಯಲ್ಲಿ ಚಾಕಿನ ಗಟ್ಟಿ ಗೆರೆ ಎಂದರೆ ಕತ್ತರಿ ಹೋಗುವ ಜಾಗ. ಒಳಗೆ ಬರುವ ಹೊಲಿಗೆಗೆ, ಕಣ್ಣಿಗೆ ಕಾಣದ ಜೇಬಿಗೆ, ಅಸ್ತರಿಗೆ ಚುಕ್ಕಿ ಗೆರೆ. ಇಪ್ಪತ್ತೆರಡು ವರ್ಷ ಹೀಗೇ ಎಳೆದ ಕೈ ಕೋಶಭಿತ್ತಿಯನ್ನು ಗಟ್ಟಿ ಗೆರೆಯಲ್ಲಿ ಬರೆದು, ಅದರ ಒಳಗಿನ ಕೋಶಪೊರೆಗೆ ಚುಕ್ಕಿ ಇಡುತ್ತ ಹೋಯಿತು. ಪುಸ್ತಕದಲ್ಲಿ ಎರಡೂ ಗಟ್ಟಿ ಗೆರೆ ಎಂದು ಮೇಷ್ಟರು ಎಷ್ಟು ತೋರಿಸಿದರೂ ಆಕೆಯದು ಒಂದೇ ಮಾತು: ಗೋಡೆಗೆ ಒಳಗಿನಿಂದ ಅಂಟಿಕೊಂಡ ಅಸ್ತರು ಅದು, ಸೂಕ್ಷ್ಮದರ್ಶಕದಲ್ಲೂ ಬೇರೆಯಾಗಿ ಕಾಣುವುದಿಲ್ಲ ಅಂತ ನೀವೇ ಹೇಳಿದ್ದೀರಿ, ಮೇಲಾಗಿ ಅದರ ಮೂಲಕ ನೀರು ಹೋಗಿಬರುತ್ತದೆ. ಗಟ್ಟಿ ಗೆರೆ ಎಳೆದರೆ ಯಾವನಾದರೂ ಬಂದು ಕತ್ತರಿಸಿಬಿಟ್ಟಾನು.

ದೀಪಾವಳಿಯ ಹಿಂದುಮುಂದೆ ಮೊದಲ ಪರೀಕ್ಷೆ ಬಂತು. ಬರೆಯುವುದೆಲ್ಲ ಸರಿಯಾಗಿ ಮುಗಿದು, ಕೊನೆಗೆ ವಿಜ್ಞಾನದ ಪ್ರಾಯೋಗಿಕ. ಅದರಲ್ಲಿ ಬೇರೆಯಾಗಿಯೇ ಪಾಸಾಗಬೇಕು. ಪರೀಕ್ಷಕರಾಗಿ ಹೊರಗಿನಿಂದ ಬಂದಿದ್ದವರು ವೀರಭದ್ರ ಎಂಬುವರು. ಅವರ ಪ್ಯಾಂಟಿನ ಇಸ್ತ್ರಿ ಮಡಿಕೆ ಎಷ್ಟು ಹರಿತವಾಗಿತ್ತೆಂದರೆ, ಅಂದು ಈರುಳ್ಳಿ ಹೆಚ್ಚಲು ಬ್ಲೇಡು ತರದಿದ್ದರೂ ನಡೆಯುತ್ತಿತ್ತು.

ಈರುಳ್ಳಿ ಪೊರೆಯ ಸ್ಲೈಡು ಮಾಡಬೇಕಿತ್ತು. ಈರುಳ್ಳಿಯ ಒಂದು ಎಸಳನ್ನು ಮುರಿದು, ಒಳಮೈಯಿಂದ ತೆಳುವಾದ ಪೊರೆ ಎಬ್ಬಿಸಿ, ಗಾಜಿನ ಪಟ್ಟಿಯ ಮೇಲೆ ನೀರಿನ ಹನಿಯಲ್ಲಿ ಸುಕ್ಕಿಲ್ಲದೆ ಹರಡಿ, ಒಂದು ತೊಟ್ಟು ಕೆಂಪು ಬಣ್ಣ ಬಿಟ್ಟು, ಗಾಳಿಯ ಗುಳ್ಳೆ ಸಿಗದಂತೆ ಮೇಲೆ ಸಣ್ಣ ಗಾಜು ಮುಚ್ಚುವುದು. ಉಳಿದವರ ಪೊರೆಗಳು ದುಪ್ಪಟಿಯಷ್ಟು ದಪ್ಪವಾಗಿ ಬಂದವು. ಕುಲ್ಸುಂಬೀ ಎಬ್ಬಿಸಿದ ಪೊರೆಯನ್ನು ಕಣ್ಣಿಗೆ ಹಿಡಿದರೆ ಮರುದಿನದ ಪತ್ರಿಕೆಯನ್ನು ಇಂದೇ ಓದಬಹುದಿತ್ತು.

ವೀರಭದ್ರ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದರು. ಸಾಲುಸಾಲಾಗಿ ಕೋಶಗಳು, ಒಂದೊಂದರಲ್ಲೂ ಕೆಂಪು ಚುಕ್ಕೆಯ ಹಾಗೆ ಕೋಶಕೇಂದ್ರ. ಮತ್ತು ಅವೆಲ್ಲವುಗಳ ಮೇಲೆ ಅಡ್ಡಲಾಗಿ, ಈ ತುದಿಯಿಂದ ಆ ತುದಿಗೆ, ಬಾವಿಗೆ ಬಿಟ್ಟ ಹಗ್ಗದಂಥ ನೀಲಿ ಎಳೆ.

ಇದೇನಮ್ಮ ಕೊಳಕು, ಎಂದರು. ಆಕೆ ನೋಡಿದಳು. ತನ್ನ ತೋಳಿನಿಂದಲೋ ಬೆರಳಿನಿಂದಲೋ ಉದುರಿದ ಜೀನ್ಸಿನ ಎಳೆ. ಬಾಯಿಗೆ ಮಾತು ಬರಲಿಲ್ಲ. ಅವರು ಸ್ಲೈಡಿಗೆ ಸೊನ್ನೆ ಹಾಕಿದರು, ಚಿತ್ರದಲ್ಲಿ ಚುಕ್ಕಿ ಗೆರೆ ಕಂಡು ಅದಕ್ಕೂ ಕೆಂಪು ಗೀಟು ಎಳೆದರು. ಫಲಿತಾಂಶ ಬಂದಾಗ ಎಲ್ಲದರಲ್ಲೂ ಪಾಸು, ಪ್ರಾಯೋಗಿಕದಲ್ಲಿ ಪಾಸಿಗೆ ಎರಡು ಅಂಕ ಕಡಿಮೆ.

ಸುದ್ದಿ ಆಕೆಗಿಂತ ಮೊದಲು ಫ್ಯಾಕ್ಟರಿ ಮುಟ್ಟಿತ್ತು. ಬೆಳಿಗ್ಗೆ ಹೋದರೆ ಮಷೀನಿನ ಮೇಲೆ ಯಾರೋ ಒಂದು ಈರುಳ್ಳಿ ಇಟ್ಟಿದ್ದರು. ಆಕೆ ಅದನ್ನು ಡಬ್ಬಿಯೊಳಗೆ ಹಾಕಿಕೊಂಡು ಮಧ್ಯಾಹ್ನ ರೊಟ್ಟಿಯ ಜೊತೆ ಕಚ್ಚಿ ತಿಂದಳು.

"ಏನಕ್ಕ, ಉಳ್ಳಾಗಡ್ಡಿ ನಿನ್ನ ಅಳಸ್ತಂತಲ್ಲ," ಎಂದ ದೊಡ್ಡಬಸವರಾಜ ನಗುತ್ತ.

"ಅತ್ತಿದ್ದು ಉಳ್ಳಾಗಡ್ಡಿ. ನಾನಲ್ಲ," ಎಂದಳು. "ಮಳಿಗಾಲ ಇನ್ನಾ ಬಂದಿಲ್ಲ."

ಮುಂದಿನ ಭಾನುವಾರ ಮಡಚಿದ ಕಾಗದವೊಂದರಲ್ಲಿ ಒಂದು ನೀಲಿ ನೂಲು ಕಟ್ಟಿಕೊಂಡು ಕುರುಗೋಡಿಗೆ ಹೋಗಿ ಹಾಲಸಿದ್ದಪ್ಪನವರ ಮುಂದೆ ಬಿಚ್ಚಿಟ್ಟಳು. ಇದು ಕೊಳಕೋ ಏನು, ನೋಡಿ ಹೇಳಿ ಎಂದು ಹಟ ಹಿಡಿದಳು. ಮೇಷ್ಟರು ಸೂಜಿಯಿಂದ ನೂಲಿನ ಹುರಿ ಬಿಡಿಸಿ, ಒಂದೇ ಒಂದು ಎಳೆಯನ್ನು ಬೇರ್ಪಡಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ನೋಡಿ, ಆಕೆಗೂ ತೋರಿಸಿದರು. ಚಪ್ಪಟೆಯಾಗಿ, ಜಡೆಗೆ ಕಟ್ಟುವ ರಿಬ್ಬನ್ನು ತಿರುಚಿದ ಹಾಗೆ ಕಾಣುತ್ತಿತ್ತು.

"ಕೊಳಕಲ್ಲ ಯವ್ವಾ," ಎಂದರು. "ಇದೂ ಜೀವಕೋಶಾನ. ಹತ್ತಿ ಬೀಜದ ಮೈಮ್ಯಾಲಿನ ಒಂದು ಕೋಶ ಹಿಂಗ ಉದ್ದಕ ಬೆಳದೈತಿ. ಒಂದು ಎಳಿ ಅಂದ್ರ ಒಂದ ಕೋಶ."

ಕಾಯಿಯೊಳಗೆ ಇರುವ ತನಕ ಅದಕ್ಕೆ ಜೀವವಿರುತ್ತದೆ, ಕೋಶಕೇಂದ್ರ, ಕೋಶದ್ರವ್ಯ, ರಸದಾನಿ ಎಲ್ಲ ಇರುತ್ತವೆ. ಕಾಯಿ ಒಡೆದು ಬಿಸಿಲಿಗೆ ಬಂದಾಗ ಒಳಗಿನದೆಲ್ಲ ಆರಿಹೋಗುತ್ತದೆ. ಉಳಿಯುವುದು ಕೋಶಭಿತ್ತಿ. ಒಳಗೆ ಏನೂ ಇಲ್ಲದ್ದರಿಂದ ಅದು ಚಪ್ಪಟೆಯಾಗಿ ತಿರುಚಿಕೊಳ್ಳುತ್ತದೆ, ಆ ತಿರುಚಿನಿಂದಲೇ ಎಳೆಗೆ ಎಳೆ ಹೆಣೆದುಕೊಂಡು ನೂಲಾಗುತ್ತದೆ. ಇಷ್ಟನ್ನೂ ಮೇಷ್ಟರು ಹೇಳಿ ಮುಗಿಸಿದರು. ಕುಲ್ಸುಂಬೀ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ಹೊರಗೆ ಬಳ್ಳಾರಿಯ ಎರಡು ಬಸ್ಸು ಬಂದು ಹೋದವು.

ಕೋಶ ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣದು ಎಂದು ಪುಸ್ತಕ ಹೇಳಿತ್ತು. ಬೆರಳ ಗೆಣ್ಣಿಗಿಂತ ಉದ್ದದ ಕೋಶಗಳನ್ನು ಆಕೆ ಇಪ್ಪತ್ತೆರಡು ವರ್ಷದಿಂದ ದಿನಾ ಕೈಯಲ್ಲಿ ಹಿಡಿದಿದ್ದಳು, ಸೆರಗಿನಿಂದ ಕೊಡವಿದ್ದಳು, ಗಂಡನ ರೊಟ್ಟಿಯಲ್ಲಿ ಬಡಿಸಿದ್ದಳು.

"ಅಂದ್ರ ನಾನು ಅವತ್ತು ಒಂದರ ಬದಲಿ ಎರಡು ನಮೂನಿ ಕೋಶ ತೋರಿಸೀನಿ."

"ಹಂಗಂತ ಅನಬಹುದು."

"ಅದಕ್ಕ ಅವರು ಕೊಳಕು ಅಂದ್ರು, ನಾನು ಸುಮ್ಕ ನಿಂತೆ. ಅವರು ಅಂದಿದ್ದು ಇರಲಿ. ನಾನು ಸುಮ್ಕ ನಿಂತಿದ್ದು ತಪ್ಪು."

ಆಕೆಯ ಮುಖ ನೋಡಿಯೇ ಮೇಷ್ಟರಿಗೆ ಗಾಬರಿಯಾಯಿತು. ಬೇಸಿಗೆಯಲ್ಲಿ ಮತ್ತೊಮ್ಮೆ ಪ್ರಾಯೋಗಿಕಕ್ಕೆ ಕೂರುವಾಗ ಕೈ ತೊಳೆದು, ಎಳೆ ಬಿಡದ ಸೀರೆ ಉಟ್ಟು, ಶಾಂತವಾಗಿ ಪಾಸಾಗಿ ಬಾ, ವಾದ ಆಮೇಲೆ ಮಾಡೋಣ ಎಂದು ಬೇಡಿಕೊಂಡರು. ಈ ಸಲ ತಪ್ಪಿದರೆ ಮಳೆಗಾಲದೊಳಗೆ ಇನ್ನೊಂದು ಪರೀಕ್ಷೆ ಇಲ್ಲ, ಆ ಲೈನು ಹೋದ ಹಾಗೆಯೇ ಎಂದು ನೆನಪಿಸಿದರು. ಕುಲ್ಸುಂಬೀ ಕೈ ತೊಳೆಯುತ್ತೇನೆ ಎಂದಷ್ಟೇ ಒಪ್ಪಿಕೊಂಡಳು.

ಬೇಸಿಗೆಯ ಆ ದಿನ ಕುರುಗೋಡಿನ ಬಿಸಿಲಿಗೆ ಬಸ್ಸಿನ ಹಾರ್ನು ಕೂಡ ಕರಗಿ ಡ್ರೈವರನ ತೊಡೆಯ ಮೇಲೆ ಸುರಿಯುತ್ತಿತ್ತು. ಪರೀಕ್ಷಕರು ಅದೇ ವೀರಭದ್ರ. ಮಡಿಕೆಯೂ ಅದೇ. ಕುಲ್ಸುಂಬೀ ಮೊಣಕೈವರೆಗೆ ತೊಳೆದುಕೊಂಡು ಬಂದು ಪೊರೆ ಎಬ್ಬಿಸಿದಳು, ಹರಡಿದಳು, ಬಣ್ಣ ಬಿಟ್ಟಳು. ಸ್ಲೈಡು ಕನ್ನಡಿಯ ಹಾಗೆ ಶುದ್ಧವಾಗಿತ್ತು. ಕಿಟಕಿಯ ಹೊರಗೆ ನಿಂತಿದ್ದ ಹಾಲಸಿದ್ದಪ್ಪನವರಿಗೆ ಹೋದ ಜೀವ ಬಂತು.

ಮೇಲಿನ ಗಾಜು ಮುಚ್ಚುವ ಮುನ್ನ ಆಕೆ ಸೊಂಟದಿಂದ ಮಡಚಿದ ಕಾಗದ ತೆಗೆದಳು. ಗೌಸನ ಅಂಗಡಿಯಲ್ಲಿ ಬನ್ನು ಕಟ್ಟಿಕೊಡುವ ಕಾಗದ. ಅದರಿಂದ ಒಂದೇ ಎಳೆಯನ್ನು ಸೂಜಿಯ ತುದಿಯಲ್ಲಿ ಎತ್ತಿ, ಎಲ್ಲರೂ ನೋಡುತ್ತಿರುವಂತೆ ಈರುಳ್ಳಿ ಪೊರೆಯ ಪಕ್ಕದಲ್ಲಿ ಮಲಗಿಸಿ, ಗಾಜು ಮುಚ್ಚಿದಳು. ಕರೆಂಟು ಇರಲಿಲ್ಲ. ಆದರೂ ಹಾಲಸಿದ್ದಪ್ಪನವರ ನಿಟ್ಟುಸಿರಿಗೆ ಫ್ಯಾನು ಅರ್ಧ ಸುತ್ತು ತಿರುಗಿತು.

ವೀರಭದ್ರ ಬಗ್ಗಿ ನೋಡಿ ತಲೆ ಎತ್ತಿದರು. "ಹೋದ ಸಲವೂ ನೀವೇ ಅಲ್ಲವಾ? ಮತ್ತೆ ದಾರ ಬಿದ್ದಿದೆ."

"ಹೋದ ಸಲ ಬಿದ್ದಿತ್ತು ಸರ. ಈ ಸಲ ನಾನ ಹಾಕೀನಿ."

"ಯಾಕೆ?"

"ಈ ಕಡೆ ಐತಲ್ಲ, ಅದು ನೀವು ಕೇಳಿದ್ದು. ಆ ಕಡೆ ಐತಲ್ಲ, ಅದು ನೀವು ಕೊಳಕು ಅಂದಿದ್ದು. ಎರಡೂ ಜೀವಕೋಶ. ಕೇಳಿದ್ದಕ್ಕ ಅಂಕ ಕೊಡ್ರಿ. ಕೊಳಕು ಅಂದಿದ್ದನ್ನ ವಾಪಸ್ ತಗೋರಿ."

ಕೋಣೆಯಲ್ಲಿ ಉಳಿದವರು ತಮ್ಮ ತಮ್ಮ ಈರುಳ್ಳಿಯ ಕಡೆ ನೋಡತೊಡಗಿದರು. ಇದು ಒಂದೇ ಕೋಶ ಎಂದು ಯಾರು ಹೇಳಿದರು ಎಂದು ವೀರಭದ್ರ ಕೇಳಿದರು. ಅವರ ದನಿ ಏರಿತ್ತು.

"ಹೇಳಿದಾರ ಹೆಸರು ಬ್ಯಾಡ. ಕಣ್ಣು ಹಚ್ಚಿ ನೀವ ನೋಡ್ರಿ. ಉಳ್ಳಾಗಡ್ಡಿಯೊಳಗ ಗೇಣಿಗೊಂದು ಅಡ್ಡಗ್ವಾಡಿ ಐತಿ. ಈ ಎಳಿ ಆ ತುದಿಯಿಂದ ಈ ತುದಿತನಕ ನೋಡ್ರಿ, ಎಲ್ಲೆರ ಒಂದು ಅಡ್ಡಗ್ವಾಡಿ ಸಿಕ್ಕರ ನಾನ ನಿಮ್ಮ ಪೆನ್ನಿಲೆ ಸೊನ್ನಿ ಹಾಕ್ಕಂತೀನಿ."

ವೀರಭದ್ರ ಬಗ್ಗಿದರು. ಸ್ಲೈಡನ್ನು ಕೂದಲಷ್ಟು ಕೂದಲಷ್ಟು ಸರಿಸುತ್ತ ಎಳೆಯ ಜೊತೆ ನಡೆದರು. ಅವರು ಆ ತುದಿ ಮುಟ್ಟುವಷ್ಟರಲ್ಲಿ ಬೇಕಾದರೆ ಕುರುಗೋಡಿನಿಂದ ಸಿರುಗುಪ್ಪಕ್ಕೆ ಎತ್ತಿನ ಬಂಡಿಯಲ್ಲಿ ಹೋಗಿಬರಬಹುದಿತ್ತು. ಅಡ್ಡಗೋಡೆ ಸಿಗಲಿಲ್ಲ. ತಲೆ ಎತ್ತದೆಯೇ, ಹಾಗಾದರೆ ಇದರ ಕೋಶಕೇಂದ್ರ ಎಲ್ಲಿ ಎಂದು ಕೇಳಿದರು.

"ಇಲ್ಲ. ಕಾಯಿ ಒಡದಾಗ ಒಳಗಿಂದೆಲ್ಲ ಆರಿ ಹೋತು, ಬರೇ ಗ್ವಾಡಿ ಉಳದೈತಿ. ನೀವು ಹಾಕ್ಕಂಡಿರೋ ಅಂಗಿ ಹತ್ತೀದು ಇತ್ತಂದ್ರ, ಅದೂ ಇದ. ಇಂಥಾವ ಲಕ್ಷಗಟ್ಟಲೆ ನಿಮ್ಮ ಮೈಮ್ಯಾಲ ಅದಾವ. ಕೊಳಕು ಅನಬ್ಯಾಡ್ರಿ."

ವೀರಭದ್ರ ತಮ್ಮ ಅಂಗಿಯ ತೋಳನ್ನು ಒಮ್ಮೆ ನೋಡಿಕೊಂಡರು. ಹಾಳೆ ತಿರುವಿ ಚಿತ್ರಕ್ಕೆ ಬಂದರು. ಕೋಶಭಿತ್ತಿ ಗಟ್ಟಿ ಗೆರೆಯಲ್ಲಿ ಕೂತಿತ್ತು, ಒಳಗೆ ಕೋಶಪೊರೆ ಚುಕ್ಕಿಚುಕ್ಕಿಯಾಗಿ ಓಡಿತ್ತು. ಪುಸ್ತಕದಲ್ಲಿ ಹೀಗಿಲ್ಲ ಎಂದರು. ಹೊಲಿಗೆಯವರು ಕಣ್ಣಿಗೆ ಕಾಣದ ಹೊಲಿಗೆಯನ್ನು ಹೀಗೇ ತೋರಿಸುವುದು, ನೀರು ಹೋಗಿಬರುವ ಜಾಗವನ್ನು ಬಾಗಿಲಿಲ್ಲದ ಗೆರೆಯಾಗಿ ಎಳೆಯಲಾರೆ ಎಂದಳು ಆಕೆ. ಇದಕ್ಕೆ ಒಂದು ಅಂಕ ಹೋಗುತ್ತದೆ ಎಂದು ಅವರು ಎಚ್ಚರಿಸಿದರು, ತಿದ್ದಲು ರಬ್ಬರನ್ನೂ ಮುಂದೆ ಸರಿಸಿದರು.

"ಅಂಕ ಕಡೀರಿ ಸರ," ಎಂದಳು ಕುಲ್ಸುಂಬೀ. ರಬ್ಬರು ಅಲ್ಲೇ ಇತ್ತು.

ಹೊರಗೆ ಬಂದಾಗ ಹಾಲಸಿದ್ದಪ್ಪನವರು ಬಸ್ಸಿನವರೆಗೆ ಜೊತೆಗೆ ನಡೆದರು. ಪಾಸಾದರೆ ಹೇಳು ಎಂದರು. ನಾಪಾಸಾದರೂ ಹೇಳುತ್ತೇನೆ, ಇನ್ನೊಂದು ಎಳೆ ತರುತ್ತೇನೆ ಎಂದಳು.

ಫಲಿತಾಂಶ ಬರುವ ತನಕದ ದಿನಗಳನ್ನು ಗೌಸನೇ ಹೆಚ್ಚು ಕಷ್ಟದಲ್ಲಿ ಕಳೆದ. ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದ, ಕೆಲವರಿಗೆ ಹಾಕಲೇ ಇಲ್ಲ, ಒಬ್ಬ ಗಿರಾಕಿಯಂತೂ ಕಪ್ಪಿನಲ್ಲಿ ಬರೀ ಬಿಸಿನೀರು ಕುಡಿದು ಚೆನ್ನಾಗಿದೆ ಎಂದು ಹೋದ. ಕುಲ್ಸುಂಬೀ ಮಾತ್ರ ಜೇಬು ಹೊಲಿಯುತ್ತಿದ್ದಳು. ಫ್ಯಾಕ್ಟರಿಯ ಹಿಂದಿನ ಹಜಾರದಲ್ಲಿ ನಾಲ್ಕನೆಯ ಲೈನಿನ ಹೊಸ ಮಷೀನುಗಳು ಬಂದು ಇಳಿದವು, ಪ್ಲಾಸ್ಟಿಕ್ಕಿನ ಹೊದಿಕೆ ಹೊದ್ದುಕೊಂಡು ಕೂತವು. ಮಳೆ ಬಂತು. ಮಳೆ ಎಂದರೆ ನಮ್ಮ ಬಳ್ಳಾರಿಯ ಮಳೆ, ಒಂದು ಹನಿಗೂ ಇನ್ನೊಂದು ಹನಿಗೂ ನಡುವೆ ಒಬ್ಬ ಮನುಷ್ಯ ಒದ್ದೆಯಾಗದೆ ಪಕ್ಕದ ಮೋಕ ಊರಿನವರೆಗೆ ಹೋಗಬಹುದು.

ಎರಡನೆಯ ಹನಿ ಬೀಳುವುದರೊಳಗೆ ಅಂಕಪಟ್ಟಿ ಬಂತು. ಪ್ರಾಯೋಗಿಕದಲ್ಲಿ ಪಾಸಿಗೆ ಬೇಕಾದದ್ದಕ್ಕಿಂತ ಮೂರು ಹೆಚ್ಚು. ಚುಕ್ಕಿ ಗೆರೆ ಇಲ್ಲದಿದ್ದರೆ ನಾಲ್ಕು ಹೆಚ್ಚಾಗುತ್ತಿತ್ತು ಎಂದು ಆಕೆ ಹೋದಲ್ಲೆಲ್ಲ ಹೇಳಿದಳು, ಅದೇ ದೊಡ್ಡ ಬಹುಮಾನ ಎನ್ನುವ ಹಾಗೆ. ಕೊಳಕು ಎಂಬ ಮಾತನ್ನು ವೀರಭದ್ರ ವಾಪಸು ತೆಗೆದುಕೊಂಡರೋ ಇಲ್ಲವೋ ಎಂದು ನಾನು ಹಾಲಸಿದ್ದಪ್ಪನವರನ್ನು ಕೇಳಿದೆ. ಬಾಯಲ್ಲಿ ತೆಗೆದುಕೊಂಡದ್ದು ಯಾರಿಗೂ ಗೊತ್ತಿಲ್ಲವಂತೆ. ಆದರೆ ಅಂದು ಆಕೆ ಮೇಜಿನ ಮೇಲೆ ಬಿಟ್ಟುಬಂದ ಎಳೆಯ ಪೊಟ್ಟಣ ಆಮೇಲೆ ಕೋಣೆಯಲ್ಲಿ ಎಲ್ಲೂ ಸಿಗಲಿಲ್ಲ, ವೀರಭದ್ರರೇ ಚೀಲದಲ್ಲಿ ಹಾಕಿಕೊಂಡು ಹೋಗಿರಬೇಕು ಎಂದರು.

ಕುಲ್ಸುಂಬೀ ಅಂಕಪ‌ಟ್ಟಿಯನ್ನು ಮಡಚದೆ, ಚೀಲದಲ್ಲಿಡದೆ, ಎರಡೂ ಕೈಯಲ್ಲಿ ಹಿಡಿದು ಫ್ಯಾಕ್ಟರಿಗೆ ನಡೆದು ಹೋದಳು. ಯಾರೂ ಹೇಳದೆಯೇ ನಲವತ್ತು ಮಷೀನುಗಳು ನಿಂತವು. ವಿರೂಪಾಕ್ಷಿ ಎದ್ದು ನಿಂತ. ದೊಡ್ಡಬಸವರಾಜ ಅಂಕಪಟ್ಟಿ ಇಸಿದುಕೊಂಡು ಮೇಲಿನಿಂದ ಕೆಳಗೆ ಓದಿದ, ಬೆಳಕಿಗೆ ಹಿಡಿದ, ಹಿಂದೆ ತಿರುಗಿಸಿ ನೋಡಿದ. ಅದರ ಎರಡೂ ಅಂಚಿನಲ್ಲಿ ಹೆಬ್ಬೆರಳಿನ ನೀಲಿ ಗುರುತು ಬಿದ್ದಿತ್ತು.

"ಪಾಸಾಗೀದಿ, ಕುಲ್ಸುಂಬಕ್ಕ. ಕೊಟ್ಟ ಮಾತು ಮಾತ," ಎಂದ. "ಆದ್ರ ಇಷ್ಟು ಚಂದದ ಕಾಗದಕ್ಕ ಕೊಳಕು ಹಚ್ಚಿಬಿಟ್ಟೀಯಲ್ಲ."

"ಹಂಗಂದಾತ ಒಬ್ಬಾತ ಕುರುಗೋಡಾಗ ಇದ್ದ," ಎಂದಳು ಕುಲ್ಸುಂಬೀ. "ಕಾಗದ ಕೊಡು ಇಲ್ಲೆ. ನಾಲ್ಕನೇ ಲೈನಿನ ಮಷೀನಿನ ಮ್ಯಾಲಿನ ಪ್ಲಾಸ್ಟಿಕ್ ತಗಸು."